ಕೊನೆಯ ಗುಂಡಿಯ ನೀರು

ಊರಿಗೆ ಊರೇ ರೋಗ ತೊಲಗಲಿ ಎಂದು ಬೇಡಿಕೊಳ್ಳುತ್ತಿದ್ದಾಗ, ಇನ್ನೊಂದಿಷ್ಟು ದಿನ ಇದ್ದು ಹೋಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದವಳು ಒಬ್ಬಳೇ ಇದ್ದಳು. ಅದೂ ಯಾರು? ರೋಗ ಇದೆಯೋ ಇಲ್ಲವೋ ಎಂದು ಊರಿಗೆ ಹೇಳಬೇಕಾದವಳೇ.

ಅವಳು ನಗರದ ಆರೋಗ್ಯ ಪ್ರಯೋಗಾಲಯದಲ್ಲಿ ಒಳಚರಂಡಿಯ ನೀರನ್ನು ಪರೀಕ್ಷೆ ಮಾಡುವವಳು. ಕೆಲಸ ಏನೆಂದು ಹೇಳಿದರೆ ಕೇಳಿದವರು ಅರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆದರೆ ಕೆಲಸದ ಹಿಂದಿನ ಲೆಕ್ಕಾಚಾರ ಸರಳ. ರೋಗ ಬಂದವರೆಲ್ಲ ಆಸ್ಪತ್ರೆಗೆ ಹೋಗುವುದಿಲ್ಲ, ಹೋದವರೆಲ್ಲ ನಿಜ ಹೇಳುವುದಿಲ್ಲ. ಕಕ್ಕಸಿಗೆ ಮಾತ್ರ ರಾಜನಾದರೂ ಹೋಗಲೇಬೇಕು, ಅಲ್ಲಿ ಯಾರ ಸುಳ್ಳೂ ನಡೆಯುವುದಿಲ್ಲ. ಹಾಗಾಗಿ ಬೇರೆ ಬೇರೆ ಬಡಾವಣೆಗಳ ನೀರು ಬಂದು ಸೇರುವ ಗುಂಡಿಗಳಿಂದ ವಾರಕ್ಕೊಮ್ಮೆ ನೀರು ತೆಗೆದು, ಅದರಲ್ಲಿ ರೋಗಾಣುವಿನ ಗುರುತು ಇದೆಯೇ ಎಂದು ನೋಡುತ್ತಿದ್ದರು. ಗ್ರಹ ನೋಡಿ ಭವಿಷ್ಯ ಹೇಳುವವರಿದ್ದಾರೆ, ಇವಳು ಗಟಾರ ನೋಡಿ ಹೇಳುತ್ತಾಳೆ ಎಂದು ಕಚೇರಿಯವರು ಅವಳಿಗೆ ಜೋಯಿಸಕ್ಕ ಎಂದು ಅಡ್ಡಹೆಸರಿಟ್ಟಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು. ಮಿಕ್ಕ ಜೋಯಿಸರ ಮಾತು ತಪ್ಪಬಹುದು, ನನ್ನದು ತಪ್ಪುವುದಿಲ್ಲ ಎಂದು ನಗುತ್ತಿದ್ದಳು. ಇದೆಲ್ಲ ನಗು ಇನ್ನೂ ಇದ್ದ ಕಾಲದ ಮಾತು.

ರೋಗ ಬಂದ ಹೊಸದರಲ್ಲಿ ಸರ್ಕಾರ ಒಂದು ತುರ್ತು ಆಜ್ಞೆ ಹೊರಡಿಸಿತ್ತು. ಅವಸರದಲ್ಲಿ ಬರೆದದ್ದು, ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುರುಕಿದ್ದರು. ಗಡಿ ಮುಚ್ಚುವುದೂ ಅದರಲ್ಲೇ, ವಯಸ್ಸಾದವರ ಆರೈಕೆ ಮನೆಗಳ ಬಾಗಿಲು ಹಾಕುವುದೂ ಅದರಲ್ಲೇ. ಹೆತ್ತವರಲ್ಲಿ ಒಬ್ಬರು ತೀರಿಕೊಂಡು ಇನ್ನೊಬ್ಬರು ಬರಲಾಗದ ಕಡೆ ಸಿಕ್ಕಿಕೊಂಡಿದ್ದರೆ, ಆ ಮಗುವನ್ನು ಹತ್ತಿರದ ನೆಂಟರಿಗೆ ಒಪ್ಪಿಸುವುದೂ ಅದರಲ್ಲೇ. ಒಪ್ಪಿಸುವುದು ಎಲ್ಲಿಯವರೆಗೆ? ಆಜ್ಞೆ ಜಾರಿಯಲ್ಲಿ ಇರುವವರೆಗೆ. ಆ ಮೂರು ಪದಗಳನ್ನು ಅಂದು ಯಾರೂ ಎರಡನೇ ಸಲ ಓದಿರಲಿಲ್ಲ, ಜೋಯಿಸಕ್ಕನೂ ಓದಿರಲಿಲ್ಲ. ಅವಳ ಒಬ್ಬಳೇ ತಂಗಿ ಆಸ್ಪತ್ರೆಗೆ ನಡೆದುಕೊಂಡೇ ಹೋದವಳು ವಾಪಸು ಬರಲಿಲ್ಲ. ತಂಗಿಯ ಮಗಳನ್ನು ಇವಳಿಗೆ ಒಪ್ಪಿಸಿದ ನ್ಯಾಯಾಧೀಶರು ಮೊಬೈಲಿನ ಪರದೆಯ ಮೇಲೆ ಕಾಣಿಸಿಕೊಂಡಿದ್ದರು. ಅರ್ಧ ಮಾತು ಕೇಳಿಸಿತು, ಇನ್ನರ್ಧದ ಹೊತ್ತಿಗೆ ಅವರ ಮನೆಯ ಕುಕ್ಕರ್ ಕೂಗಿತು. ಕೊನೆಗೆ ಅವರು ತಲೆಯಾಡಿಸಿದ್ದು ಕಂಡಿತು, ಇವಳು ಕೈಮುಗಿದಳು, ಅಲ್ಲಿಗೆ ಮುಗಿಯಿತು.

ಮಗುವಿಗೆ ಆಗ ನಾಲ್ಕು ವರ್ಷ. ಒಂದು ಸಲ ರಾಗ ಶುರುಮಾಡಿದರೆ ನಿಲ್ಲಿಸುವವಳಲ್ಲವಾದ್ದರಿಂದ ಅವಳ ಅಮ್ಮನೇ ಪಿಟೀಲು ಎಂದು ಕರೆಯುತ್ತಿದ್ದಳು. ಬಂದ ಮೊದಲ ತಿಂಗಳು ಪಿಟೀಲು ಒಂದು ಸ್ವರವನ್ನೂ ಎತ್ತಲಿಲ್ಲ. ಆಮೇಲೆ ಒಂದು ದಿನ ಸಾಂಬಾರಿಗೆ ಉಪ್ಪು ಜಾಸ್ತಿಯಾಯಿತೆಂದು ಊಟದ ತಟ್ಟೆಯ ಮುಂದೆ ಅರ್ಧ ಗಂಟೆ ಕೊಯ್ದಾಗ, ಜೋಯಿಸಕ್ಕ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಮದುವೆ ಬೇಡವೆಂದು ಒಂಟಿಯಾಗಿ ಉಳಿದವಳಿಗೆ ನಲವತ್ತಾರರ ವಯಸ್ಸಿನಲ್ಲಿ ಒಂದು ಮಗು ದಕ್ಕಿತ್ತು. ದೊಡ್ಡಮ್ಮ, ದೊಡ್ಡಮ್ಮ ಎಂದು ದಿನಕ್ಕೆ ನೂರು ಸಲ ಕರೆಸಿಕೊಳ್ಳುವುದು ಎಂಥ ಸುಖ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಗುವಿನ ಅಪ್ಪ ಬದುಕಿದ್ದ. ಗಡಿಯಾಚೆಯ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುವ ಕೆಲಸ. ತಂಗಿಗೂ ಅವನಿಗೂ ಮಾತು ಬಿಟ್ಟು ಕೆಲವು ತಿಂಗಳಾಗಿದ್ದಾಗ ರೋಗ ಬಂತು, ಗಡಿ ಮುಚ್ಚಿತು. ಹೆಂಡತಿಯ ಮುಖವನ್ನೂ ಅವನು ಕೊನೆಗೆ ನೋಡಲಿಲ್ಲ. ಜೋಯಿಸಕ್ಕ ಅವನನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದಳು: ಬಿಟ್ಟುಹೋದವನು, ಬರದೇ ಉಳಿದವನು. ಬಿಟ್ಟುಹೋದದ್ದು ಅವನ ತಪ್ಪು, ಬರದೇ ಉಳಿದದ್ದು ಗಡಿಯ ತಪ್ಪು ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಎರಡನ್ನೂ ಸೇರಿಸಿ ಹೇಳುವುದೇ ಅವಳಿಗೆ ಹಿತವಾಗಿತ್ತು. ಅವನು ಭಾನುವಾರ ಸಂಜೆ ತಪ್ಪದೆ ವೀಡಿಯೊ ಕರೆ ಮಾಡುತ್ತಿದ್ದ. ಪಿಟೀಲಿಗೆ ಅಪ್ಪ ಎಂದರೆ ಒಂದು ತಲೆ, ಎರಡು ಭುಜ.

ಹೀಗೆ ಒಂದೂವರೆ ವರ್ಷ ಕಳೆಯಿತು. ರೋಗ ಇಳಿಯುತ್ತಾ ಬಂತು, ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿದರು, ಆಮೇಲೆ ಜೇಬಿಗೆ. ಸರ್ಕಾರ ನಿಯಮ ಮಾಡಿತು: ನಗರದ ಎಲ್ಲ ಗುಂಡಿಗಳ ನೀರೂ ನಾಲ್ಕು ವಾರ ಬಿಡದೆ ಶುದ್ಧವೆಂದು ಬಂದರೆ ತುರ್ತು ಆಜ್ಞೆ ತಾನಾಗಿ ಬಿದ್ದುಹೋಗುತ್ತದೆ. ಮೂರು ವಾರ ಶುದ್ಧವೆಂದೇ ಬಂತು. ಆಗ ಜೋಯಿಸಕ್ಕ ಒಬ್ಬ ವಕೀಲೆಯ ಬಳಿ ಓಡಿದಳು.

ವಕೀಲೆ ಮೆತ್ತಗೆ ಮಾತಾಡುವ ಹೆಂಗಸು, ಕೆಟ್ಟ ಸುದ್ದಿಯನ್ನೂ ಬೆಣ್ಣೆ ಹಚ್ಚಿ ಕೊಡುವವಳು. ಆಜ್ಞೆ ಬಿದ್ದ ದಿನವೇ ನಿಮ್ಮ ಪಾಲಕತ್ವವೂ ಬಿದ್ದುಹೋಗುತ್ತದೆ, ಅಪ್ಪ ಬಂದು ಕೇಳಿದರೆ ಕೊಡಲೇಬೇಕು ಎಂದಳು. ಆದರೆ ಇಂಥ ಮಕ್ಕಳಿಗೆಂದೇ ಒಂದು ಹೊಸ ಕಾನೂನು ಪಾಸಾಗಿದೆ, ಬರುವ ತಿಂಗಳ ಒಂದನೇ ತಾರೀಕಿನಿಂದ ಜಾರಿ. ಅಂದು ಯಾವ ಮಗು ಆಜ್ಞೆಯ ಪ್ರಕಾರ ಯಾರ ಮನೆಯಲ್ಲಿರುತ್ತದೋ, ಅವರ ಮಾತನ್ನೂ ಹೆತ್ತವರ ಮಾತಿನಷ್ಟೇ ತೂಕಕ್ಕೆ ಕೋರ್ಟು ಕೇಳಬೇಕು. ಮಗು ನಿಮ್ಮಲ್ಲೇ ಉಳಿಯುವುದು ಬಹುತೇಕ ಖಚಿತ. ಒಂದನೇ ತಾರೀಕಿನವರೆಗೆ ಆಜ್ಞೆ ಉಸಿರು ಹಿಡಿದಿದ್ದರೆ ಸಾಕು ಎಂದಳು. ಈ ವಾರದ ನೀರು ಶುದ್ಧ ಬಂದರೆ ಆಜ್ಞೆ ಅದಕ್ಕಿಂತ ಹತ್ತು ದಿನ ಮುಂಚೆ ಸಾಯುತ್ತದೆ ಎಂದು ವಕೀಲೆ ಹೇಳಲಿಲ್ಲ. ಆ ಲೆಕ್ಕ ಜೋಯಿಸಕ್ಕನಿಗೇ ಗೊತ್ತಿತ್ತು.

ಇದನ್ನೆಲ್ಲ ಅವಳು ಹೇಳಿಕೊಂಡದ್ದು ಅಮ್ಮನ ಹತ್ತಿರ ಮಾತ್ರ. ಅಮ್ಮ ಸೊಂಟದ ಮೂಳೆ ಮುರಿದುಕೊಂಡು, ಎರಡು ವಾರ ವ್ಯಾಯಾಮ ಮಾಡಿಸಿಕೊಂಡು ಬರುತ್ತೇನೆಂದು ಆರೈಕೆ ಮನೆಗೆ ಸೇರಿದ್ದಳು, ಅಷ್ಟರಲ್ಲಿ ಬಾಗಿಲು ಹಾಕಿದರು. ಶುರುವಿನಲ್ಲಿ ಒಳಗೇ ಹಲವರು ಸತ್ತದ್ದರಿಂದ ಆಜ್ಞೆ ಅಲ್ಲಿ ಇನ್ನಷ್ಟು ಬಿಗಿಯಾಗಿತ್ತು: ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ನೋಡಲು ಬಂದವರಿಗೆ ಒಂದು ದಪ್ಪ ಗಾಜು, ಗಾಜಿನ ಆಚೆ ಈಚೆ ಒಂದೊಂದು ಫೋನು. ಗಾಜಿನಾಚೆ ಕೂತೇ ಅಮ್ಮ ಚಿಕ್ಕ ಮಗಳ ಸಾವನ್ನು ಕೇಳಿದ್ದಳು, ಗಾಜಿನಾಚೆಯಿಂದಲೇ ಮೊಮ್ಮಗಳ ಹಾಲುಹಲ್ಲು ಬಿದ್ದದ್ದನ್ನೂ ನೋಡಿದ್ದಳು. ಬಾಗಿಲು ತೆಗೆದ ದಿನ ಮೊದಲು ಈ ಮಗುವಿನ ತಲೆಗೆ ನಾನೇ ಎಣ್ಣೆ ಹಚ್ಚಬೇಕು, ನೀನು ಹಚ್ಚುವುದು ನೋಡಿದರೆ ಗೋಡೆಗೆ ಸುಣ್ಣ ಬಳಿದ ಹಾಗಿದೆ ಎನ್ನುತ್ತಿದ್ದಳು. ವಕೀಲೆಯ ಮಾತನ್ನೆಲ್ಲ ಕೇಳಿದ ಅಮ್ಮ, ಎಲ್ಲ ದೈವಚಿತ್ತ, ನಿನ್ನ ಕೈಯಲ್ಲೇನಿದೆ ಎಂದಳು. ಹಾಗೆಂದ ಮೇಲೆ ಮಗಳ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು.

ಆ ಭಾನುವಾರ ಅಪ್ಪ ಕರೆ ಮಾಡಿದಾಗ ಮುಖದ ತುಂಬ ಹಲ್ಲು. ಗಡಿ ತೆಗೆಯುತ್ತಾರಂತೆ, ಕೆಲಸದಲ್ಲಿ ರಜೆ ಹೇಳಿಟ್ಟಿದ್ದಾನಂತೆ. ಮಗುವಿಗೆ ಒಂದು ಜೊತೆ ಕೆಂಪು ಬೂಟು ನೋಡಿಟ್ಟಿದ್ದೇನೆ, ಕಾಲಿನ ಅಳತೆ ಕಳಿಸಿ ಅತ್ತಿಗೆ ಎಂದ. ಪಿಟೀಲು ಅಲ್ಲೇ ಹಾಳೆಯ ಮೇಲೆ ಕಾಲಿಟ್ಟು ನಿಂತುಬಿಟ್ಟಿತು. ಜೋಯಿಸಕ್ಕ ನೆಲದ ಮೇಲೆ ಕೂತು ಪುಟ್ಟ ಪಾದದ ಸುತ್ತ ಪೆನ್ಸಿಲ್ ಎಳೆದಳು. ಕಚಗುಳಿಯಾಗಿ ಮಗು ನಕ್ಕು ಗೆರೆ ಸೊಟ್ಟಗಾಯಿತು, ಮತ್ತೆ ಎಳೆದಳು. ತನ್ನ ಕೈಯಿಂದಲೇ ತನ್ನ ಮನೆಯ ಬಾಗಿಲಿನ ಬೀಗ ಬಿಚ್ಚಿಕೊಟ್ಟ ಹಾಗೆ ಅನ್ನಿಸಿತು ಅವಳಿಗೆ.

ಮಾರನೆಯ ಬೆಳಿಗ್ಗೆಯೇ ನೀರು ತೆಗೆಯುವ ದಿನ. ಮೊದಲೆಲ್ಲ ಮುಚ್ಚಳ ಎತ್ತಲು ಜೊತೆಗೆ ಒಬ್ಬ ಆಳು ಬರುತ್ತಿದ್ದ. ರೋಗ ಮುಗಿಯುತ್ತಾ ಬಂತಲ್ಲ ಎಂದು ಆ ಹುದ್ದೆಯನ್ನು ತೆಗೆದಿದ್ದರು. ಈಗ ಕಚೇರಿಯ ಸಣ್ಣ ವ್ಯಾನು ಓಡಿಸುವವಳೂ ಅವಳೇ, ಕಬ್ಬಿಣದ ಕೊಕ್ಕೆ ಹಾಕಿ ಮುಚ್ಚಳ ಎತ್ತುವವಳೂ ಅವಳೇ, ಉದ್ದ ಕೋಲಿನ ತುದಿಯ ಲೋಟ ಇಳಿಬಿಟ್ಟು ಬಾಟಲಿ ತುಂಬುವವಳೂ ಅವಳೇ. ಜನ ಎದ್ದು ಮುಖ ತೊಳೆಯುವ ಹೊತ್ತಿಗೇ ತೆಗೆಯಬೇಕು, ಆಗ ನೀರು ದಪ್ಪಗಿರುತ್ತದೆ. ಒಂದೊಂದೇ ಗುಂಡಿ ಮುಗಿಸುತ್ತಾ ಬಂದಳು. ಬಾಟಲಿಗಳು ಐಸ್ ಪೆಟ್ಟಿಗೆಯಲ್ಲಿ ಸಾಲಾಗಿ ಕೂತವು.

ಕೊನೆಯ ಗುಂಡಿ ಅವಳದೇ ಬಡಾವಣೆಯದು, ಟೈಲರ್ ಅಂಗಡಿಯ ಎದುರಿಗಿನದು. ಅವಳ ಮನೆಯ ನೀರೂ ಅಲ್ಲಿಗೇ ಬರುತ್ತದೆ. ಆದರೆ ವ್ಯಾನು ಟೈಲರ್ ಅಂಗಡಿ ದಾಟಿ ಮುಂದೆ ಹೋಯಿತು. ಬ್ರೇಕಿನ ಮೇಲೆ ಕಾಲಿಡಲು ಅವಳು ಮರೆತದ್ದಲ್ಲ. ಎರಡು ರಸ್ತೆ ಆಚೆ ದೊಡ್ಡಾಸ್ಪತ್ರೆಯಿದೆ, ಅದರ ಹಿಂದಿನ ಮೋರಿ ಪರೀಕ್ಷೆಯ ಪಟ್ಟಿಯಲ್ಲಿಲ್ಲ. ರೋಗಿಗಳು ಅಲ್ಲಿರುವುದು ಗೊತ್ತಿರುವ ವಿಷಯ, ಅದನ್ನು ನೀರಿನಿಂದ ಕೇಳುವುದೇನು ಎಂದು ಬಿಟ್ಟಿದ್ದರು. ರೋಗದ ವಾರ್ಡಿನಲ್ಲಿ ಇನ್ನೂ ನಾಲ್ಕಾರು ಜನ ಮಲಗಿದ್ದಾರೆಂದು ಅವಳು ಕೇಳಿದ್ದಳು. ಕೊಕ್ಕೆ ಹಾಕಿ ಮೋರಿಯ ಮುಚ್ಚಳ ಎತ್ತಿದಳು. ಬಾಟಲಿ ತುಂಬಿ, ಮೇಲೆ ತನ್ನ ಬಡಾವಣೆಯ ಚೀಟಿ ಅಂಟಿಸಿದಳು. ಹತ್ತು ದಿನದ ಮಾತು, ಯಾರ ಮನೆ ಮುಳುಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಮ್ಮನ ಗಾಜು ನೆನಪಿಗೆ ಬಂತು. ಅದನ್ನು ಬದಿಗೆ ಸರಿಸಿದಳು, ಮತ್ತೆ ಬಂತು, ರೇಡಿಯೊ ಹಾಕಿದಳು.

ಮಧ್ಯಾಹ್ನ ಯಂತ್ರಕ್ಕೆ ಹಾಕಿ ಕೂತಳು. ನೀರಿನಲ್ಲಿ ರೋಗಾಣುವಿನ ಗುರುತಿದ್ದರೆ ಯಂತ್ರದ ಪರದೆಯ ಮೇಲೆ ಗೆರೆ ಮೇಲೇಳುತ್ತದೆ, ಇಲ್ಲದಿದ್ದರೆ ನೆಲಕ್ಕೆ ಅಂಟಿಕೊಂಡೇ ಹೋಗುತ್ತದೆ. ಅಷ್ಟೂ ಬಾಟಲಿಗಳ ಗೆರೆಗಳು ನೆಲ ಹಿಡಿದು ಸಾಗಿದವು. ಕೊನೆಯದೂ. ಅವಳು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರಕ್ಕೆ ಹೋದಳು. ಗೆರೆ ಅಲುಗಾಡಲಿಲ್ಲ. ಆಸ್ಪತ್ರೆಯ ಪರಿಚಯದ ನರ್ಸಿಗೆ ಫೋನ್ ಮಾಡಿ ಸುಮ್ಮನೆ ಕ್ಷೇಮ ಕೇಳುವವಳಂತೆ ಕೇಳಿದಾಗ ಗೊತ್ತಾಯಿತು, ಆ ವಾರ್ಡಿನ ಕೊನೆಯ ರೋಗಿ ಹಿಂದಿನ ವಾರವೇ ಮನೆಗೆ ಹೋಗಿದ್ದ, ವಾರ್ಡನ್ನು ತೊಳೆದು ಬೀಗ ಹಾಕಿದ್ದರು.

ಜೋಯಿಸಕ್ಕ ಒಬ್ಬಳೇ ಕೂತು ನಕ್ಕಳು. ಕಳ್ಳತನಕ್ಕೆ ಹೋದ ಮನೆಯಲ್ಲಿ ಕದಿಯಲು ಏನೂ ಇರಲಿಲ್ಲ. ಪಾಪವೂ ಅಂಟಿತು, ಮಗುವೂ ಹೋಯಿತು. ನಗು ನಿಲ್ಲುವ ಹೊತ್ತಿಗೆ ಇನ್ನೊಂದು ಮಾತು ಹೊಳೆಯಿತು. ತನ್ನ ಬಡಾವಣೆಯ ಗುಂಡಿಯನ್ನು ಈ ವಾರ ಯಾರೂ ನೋಡಿಯೇ ಇಲ್ಲ. ಈ ಫಲಿತಾಂಶ ನಾಳೆ ಮೇಲಕ್ಕೆ ಹೋದರೆ ಇಡೀ ಊರಿನ ಬಾಗಿಲು ತೆಗೆಯುವುದು ಒಂದು ಸುಳ್ಳು ಬಾಟಲಿಯ ಮೇಲೆ. ಆ ಗುಂಡಿಯಲ್ಲಿ ರೋಗ ಇದ್ದರೆ? ಬಾಗಿಲು ತೆಗೆದ ದಿನವೇ ಆರೈಕೆ ಮನೆಯೊಳಕ್ಕೆ ನೆಂಟರೆಲ್ಲ ನುಗ್ಗುತ್ತಾರೆ. ಮೊದಲು ನುಗ್ಗುವವಳು ಪಿಟೀಲು, ಅದೂ ನೇರ ಅಜ್ಜಿಯ ಮಡಿಲಿಗೆ.

ಮರುದಿನ ಬೆಳಗಾಗುತ್ತಲೇ ಕಚೇರಿಗೂ ಮುಂಚೆ ಹೋಗಿ ಟೈಲರ್ ಅಂಗಡಿಯ ಎದುರಿನ ಮುಚ್ಚಳ ಎತ್ತಿದಳು. ಟೈಲರ್ ಬಾಗಿಲು ತೆರೆಯುತ್ತಾ, ಏನಕ್ಕ, ನಿನ್ನೆ ನಿಲ್ಲಿಸದೇ ಹೋದಿರಿ, ಇವತ್ತು ಬಂದಿರಿ ಎಂದು ಕೇಳಿದ. ಅವಳು ಬಗ್ಗಿ ಲೋಟ ಇಳಿಬಿಟ್ಟಳು. ಬಾಟಲಿ ತಂದು ಯಂತ್ರಕ್ಕೆ ಹಾಕಿ ನಿಂತಳು. ಕೂರಲು ಆಗಲಿಲ್ಲ. ಏನು ಬರಲಿ ಎಂದು ಬೇಡಿಕೊಳ್ಳಬೇಕು ಎಂಬುದೇ ಅವಳಿಗೆ ಗೊತ್ತಾಗಲಿಲ್ಲ. ಗೆರೆ ಬಹಳ ಹೊತ್ತು ನೆಲದ ಮೇಲೇ ತೆವಳಿತು. ಆಮೇಲೆ ಎದ್ದಿತು. ಅಳುಕದೆ, ಅನುಮಾನಕ್ಕೆ ಎಡೆಯಿಲ್ಲದಂತೆ ಎದ್ದು ನಿಂತಿತು.

ರೋಗ ಇತ್ತು. ಸುಳ್ಳು ಹೇಳಿ ಪಡೆಯಬೇಕೆಂದಿದ್ದನ್ನು ನಿಜವೇ ತಂದು ಅವಳ ಮುಂದೆ ಇಟ್ಟಿತ್ತು. ಮಗು ಉಳಿಯಿತು ಎಂದು ಒಂದು ಕ್ಷಣ ಜೀವ ಹಾರಿ ಕುಣಿಯಿತು. ಮರುಕ್ಷಣ ನಾಚಿಕೆಯಿಂದ ಮುಖ ಬಿಸಿಯಾಯಿತು. ಯಾರದೋ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದಾರೆ, ಅದಕ್ಕೆ ಇವಳಿಗೆ ಸಂತೋಷ.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ನಿವೃತ್ತಿಗೆ ಹತ್ತಿರವಾದವಳು, ಒಂದೂವರೆ ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರದವಳು. ಅಂದು ಬೆಳಿಗ್ಗೆಯಿಂದ ಅವಳಿಗೆ ಮೇಲಿನಿಂದ ಫೋನಿನ ಮೇಲೆ ಫೋನು. ಮಂತ್ರಿಗಳ ಭಾಷಣ ಸಿದ್ಧವಾಗಿತ್ತು, ವೇದಿಕೆಯೂ ಸಿದ್ಧವಾಗಿತ್ತು, ಬರಬೇಕಾದ್ದು ಇಲ್ಲಿಂದ ಒಂದು ಸಾಲು ಮಾತ್ರ. ಜೋಯಿಸಕ್ಕ ಎದ್ದ ಗೆರೆಯನ್ನು ತೋರಿಸಿದಾಗ ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಯಂತ್ರದ ಮುಂದೆ ಕೂತು ಹಿಂದಿನ ದಿನದ್ದನ್ನೂ ತೆರೆದು ನೋಡಿದಳು. ಯಂತ್ರ ಯಾವುದನ್ನೂ ಮರೆಯುವುದಿಲ್ಲ. ಅಲ್ಲಿ ಅದೇ ಗುಂಡಿಯ ಹೆಸರಿನಲ್ಲಿ ನೆಲಕ್ಕಂಟಿದ ಗೆರೆ ಇತ್ತು.

“ನಿನ್ನೆದ್ರಲ್ಲಿ ಏನೂ ಇಲ್ವಲ್ಲ,” ಎಂದಳು ಡಾಕ್ಟರಮ್ಮ. “ನೀರು ತೆಗೀಬೇಕಾದ ದಿನ ನಿನ್ನೆ. ನಿಯಮದ ಪ್ರಕಾರ ನಿನ್ನೆದೇ ಲೆಕ್ಕಕ್ಕೆ ಬರೋದು. ಇವತ್ತಿಂದು ಯಾಕೆ ತೆಗೆದೆ ನೀನು?”

ಡಾಕ್ಟರಮ್ಮನ ದನಿಯಲ್ಲಿ ಮೋಸವಿರಲಿಲ್ಲ, ದಣಿವಿತ್ತು. ಕಾನೂನಿನ ಅಕ್ಷರ ಅವಳ ಪರವಾಗಿತ್ತು, ಮಂತ್ರಿಗಳ ವೇದಿಕೆಯೂ. ಒಂದು ಸಾಲು ಕಳಿಸಿಬಿಟ್ಟರೆ ಊರೆಲ್ಲ ಕುಣಿಯುತ್ತದೆ. ಇವತ್ತಿನ ಗೆರೆ ನಿಜ ಎನ್ನಬೇಕಾದರೆ ನಿನ್ನೆಯದು ಸುಳ್ಳು ಎನ್ನಬೇಕು, ನಿನ್ನೆಯದು ಸುಳ್ಳು ಎಂದರೆ ಯಾರ ಸುಳ್ಳು ಎಂದೂ ಹೇಳಬೇಕು. ಅತ್ತ ದರಿ ಇತ್ತ ಪುಲಿ. ಸುಮ್ಮನಿದ್ದರೆ ಮಗು ಹೋಗುತ್ತದೆ, ಊರಿಗೆ ರೋಗ ಬರುತ್ತದೆ. ಹೇಳಿದರೆ ಕೆಲಸ ಹೋಗಬಹುದು, ಮೋಸಗಾತಿಯ ಕೈಗೆ ಯಾವ ಕೋರ್ಟು ಮಗುವನ್ನು ಕೊಡುತ್ತದೆ?

“ನಿನ್ನೆದು ಆ ಗುಂಡೀದಲ್ಲ ಮೇಡಂ,” ಎಂದಳು ಜೋಯಿಸಕ್ಕ. “ಆಸ್ಪತ್ರೆ ಹಿಂದಿನ ಮೋರಿದು. ನಾನೇ ತುಂಬಿದ್ದು. ಗೊತ್ತಿದ್ದೇ ತುಂಬಿದ್ದು.”

ಯಾಕೆ ಎಂದು ಡಾಕ್ಟರಮ್ಮ ಕೇಳಲಿಲ್ಲ. ತಂಗಿಯ ಮಗಳ ವಿಷಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹೊಸ ಕಾನೂನಿನ ತಾರೀಕೂ ಗೊತ್ತಿತ್ತು. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಆಮೇಲೆ ಎದ್ದು, ಬೇರೊಬ್ಬ ಸಿಬ್ಬಂದಿಯನ್ನು ಕರೆದುಕೊಂಡು ತಾನೇ ಟೈಲರ್ ಅಂಗಡಿಯ ಎದುರಿಗೆ ಹೋದಳು. ಆಫೀಸಿನ ಚಪ್ಪಲಿಯಲ್ಲೇ ಗುಂಡಿಯ ಅಂಚಿಗೆ ನಿಂತು, ಬಾಟಲಿ ತುಂಬುವವರೆಗೂ ಕಣ್ಣು ತೆಗೆಯಲಿಲ್ಲ. ಜೋಯಿಸಕ್ಕನನ್ನು ಮುಟ್ಟಗೊಡಲಿಲ್ಲ. ಆ ನೀರಿನ ಗೆರೆಯೂ ಎದ್ದು ನಿಂತಿತು.

ಡಾಕ್ಟರಮ್ಮ ಮೇಲಕ್ಕೆ ರೋಗ ಇದೆ ಎಂದು ಕಳಿಸಿದಳು, ಅಲ್ಲಿಂದ ಬಂದ ಬೈಗುಳವನ್ನು ನಿಂತುಕೊಂಡೇ ಕೇಳಿಸಿಕೊಂಡಳು. ಫೋನಿಟ್ಟು ಜೋಯಿಸಕ್ಕನ ಕಡೆ ತಿರುಗಿದಳು.

“ಈ ವಿಷಯ ಈ ರೂಮಲ್ಲೇ ಸಾಯ್ಬೇಕು. ನಿನ್ನ ಉಳಿಸೋಕಲ್ಲ. ಜನ ಒಂದೂವರೆ ವರ್ಷ ನಮ್ಮ ಮಾತು ನಂಬ್ಕೊಂಡು ಬಾಗಿಲು ಹಾಕ್ಕೊಂಡು ಕೂತಿದ್ರು. ಒಂದು ಬಾಟಲಿ ಸುಳ್ಳು ಅಂತ ಗೊತ್ತಾದ್ರೆ ಎಲ್ಲಾ ಬಾಟಲಿನೂ ಸುಳ್ಳು ಅಂತಾರೆ. ಆಮೇಲೆ ನಿಜವಾಗ್ಲೂ ಬಂದಾಗ ಯಾರೂ ಕೇಳಲ್ಲ. ಅಮ್ಮಂಗೂ ಹೇಳ್ಕೂಡದು.”

ಹಾಗೆಂದು ಅವಳನ್ನು ನೀರು ತೆಗೆಯುವ ಕೆಲಸದಿಂದ ತೆಗೆದು, ಖಾಲಿ ಬಾಟಲಿ ತೊಳೆದು ಜೋಡಿಸುವ ಕೋಣೆಗೆ ಹಾಕಿದಳು. ಕೆಲಸ ಹೋಗಲಿಲ್ಲ. ಜೋಯಿಸಕ್ಕನಿಗೆ ಕೃತಜ್ಞತೆ ಹೇಳಬೇಕೆನ್ನಿಸಿತು, ಡಾಕ್ಟರಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ.

ಸಂಜೆಗೆ ಊರಿಗೆ ಸುದ್ದಿ ಹಬ್ಬಿತು: ಒಂದು ಬಡಾವಣೆಯಲ್ಲಿ ರೋಗದ ಗುರುತು, ತುರ್ತು ಆಜ್ಞೆ ಇನ್ನೂ ಒಂದು ತಿಂಗಳು. ಬೀದಿಯಲ್ಲಿ ಜನ ಸರ್ಕಾರಕ್ಕೆ ಹಿಡಿಶಾಪ ಹಾಕಿದರು. ಕುರ್ಚಿ ಬಿಡಲು ಇಷ್ಟವಿಲ್ಲ ಅವರಿಗೆ, ಗಟಾರದಲ್ಲಿ ಏನು ಬೇಕಾದರೂ ಕಾಣಿಸುತ್ತದೆ ಎಂದರು. ಟೈಲರ್ ಮಾತ್ರ ಇವಳನ್ನು ಕಂಡಾಗ ಹೊಲಿಗೆ ನಿಲ್ಲಿಸಿ ನೋಡಿದ. ಹಿಂದಿನ ದಿನ ವ್ಯಾನು ನಿಲ್ಲದೆ ಹೋದದ್ದನ್ನೂ, ಅಂದು ಎರಡು ಸಲ ಮುಚ್ಚಳ ಎತ್ತಿದ್ದನ್ನೂ ಕಂಡವನು ಅವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅವಳು ಅಂದಿನಿಂದ ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದಳು.

ಅಪ್ಪ ಭಾನುವಾರದವರೆಗೂ ಕಾಯಲಿಲ್ಲ, ಅವತ್ತೇ ಕರೆ ಮಾಡಿದ. ಗಡಿಯ ಸಾಲಿನಲ್ಲಿ ನಿಂತಿದ್ದನಂತೆ, ಅಲ್ಲಿಂದಲೇ ವಾಪಸು ಕಳಿಸಿದರಂತೆ. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಜೋಯಿಸಕ್ಕನಿಗೆ. ಪರದೆಯ ಮೇಲೆ ಅವನ ಗಡ್ಡ ಬೆಳೆದಿತ್ತು, ಕಣ್ಣುಗಳು ಎಲ್ಲೋ ನೋಡುತ್ತಿದ್ದವು.

“ಅತ್ತಿಗೆ,” ಎಂದ, “ಒಂದು ತಿಂಗಳಲ್ಲಿ ಕಾಲು ಬೆಳೆದುಬಿಡುತ್ತಾ? ಬೂಟು ತಗೊಂಡ್ಬಿಟ್ಟೆ.”

ಬೆಳೆಯುವುದಿಲ್ಲ ಎಂದಳು ಅವಳು. ಬೆಳೆದರೂ ಹತ್ತಿ ಇಟ್ಟು ತೆಗೆದು ಸರಿಮಾಡಬಹುದು ಎಂದು ಅರ್ಥವಿಲ್ಲದ ಏನನ್ನೋ ಸೇರಿಸಿದಳು. ಬಿಟ್ಟುಹೋದವನು, ಬರದೇ ಉಳಿದವನು ಎಂಬ ಅವಳ ಎರಡು ಸಾಲು ಆಮೇಲೆ ಎಷ್ಟು ಹೇಳಿಕೊಂಡರೂ ನಾಲಗೆಗೆ ಕೂರಲಿಲ್ಲ. ಒಂದನೇ ತಾರೀಕು ಬರುತ್ತದೆ, ಹೊಸ ಕಾನೂನು ಬರುತ್ತದೆ, ಈ ಮನುಷ್ಯ ಕೋರ್ಟಿನಲ್ಲಿ ಬೂಟಿನ ಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ, ಆಗ ತಾನು ಅವನೆದುರು ನಿಂತು ಮಗು ನನ್ನದು ಎನ್ನಬೇಕು. ಅನ್ನುತ್ತೇನೆ ಎಂದೂ ಅವಳಿಗೆ ಗೊತ್ತಿತ್ತು.

ಮರುದಿನ ಆರೈಕೆ ಮನೆಗೆ ಹೋಗುವ ಸರದಿ. ಪಿಟೀಲು ದಾರಿಯುದ್ದಕ್ಕೂ ಕೊಯ್ದಿತು: ಗಾಜು ತೆಗೆಯುತ್ತೇವೆ ಅಂದಿದ್ದರಲ್ಲ, ಯಾಕೆ ತೆಗೆಯಲಿಲ್ಲ, ಗಾಜಿಗೆ ಒಂದು ತೂತಾದರೂ ಮಾಡಬಹುದಲ್ಲ, ನನ್ನ ಕೈ ಸಣ್ಣದು, ಸಣ್ಣ ತೂತು ಸಾಕು. ಕಿಟಕಿಯ ಸಾಲಿನಲ್ಲಿ ಇನ್ನೂ ಹಲವರಿದ್ದರು. ಪಕ್ಕದ ಕಿಟಕಿಯಲ್ಲಿ ಒಬ್ಬ ಮುದುಕ ಒಳಗಿನ ಹೆಂಡತಿಯ ಎದುರು ಫೋನು ಹಿಡಿದು ನಿಂತಿದ್ದ. ಒಳಗಿದ್ದವಳು ಹೊಸ ಸೀರೆ ಉಟ್ಟಿದ್ದಳು, ಹೊರಗೆ ಬರುವ ದಿನಕ್ಕೆಂದು ತೆಗೆದಿಟ್ಟದ್ದಿರಬೇಕು. ಜೋಯಿಸಕ್ಕ ಅತ್ತ ನೋಡದಿರಲು ಪ್ರಯತ್ನಪಟ್ಟಳು.

ಅಮ್ಮ ವಾಕರ್ ಹಿಡಿದುಕೊಂಡು ನಿಧಾನಕ್ಕೆ ಬಂದು ಕೂತಳು. ಯಾವಾಗಲೂ ಫೋನು ಎತ್ತಿದ ಕೂಡಲೇ ಮಗುವಿಗೆ ಕೊಡು ಎನ್ನುತ್ತಿದ್ದವಳು ಇಂದು ಹಾಗೆನ್ನಲಿಲ್ಲ. ಮಗಳನ್ನೇ ನೋಡಿದಳು.

“ನಿನ್ನ ಗುಂಡೀಲೇ ಸಿಕ್ತಂತೆ?” ಎಂದಳು.

ಹೂಂ ಎಂದಳು ಮಗಳು.

“ನೀನೇ ಮಾಡಿದ್ಯಾ?”

ಅಷ್ಟು ನೇರವಾಗಿ ಕೇಳುತ್ತಾಳೆಂದು ಅವಳು ಎಣಿಸಿರಲಿಲ್ಲ. ಇಲ್ಲಮ್ಮ, ರೋಗ ನಿಜವಾಗಿಯೂ ಇದೆ ಎಂದಳು. ಅದು ಸತ್ಯ. ಆದರೆ ದನಿ ಒಡೆದು ಹೊರಬಂತು. ಅವಳು ಚಿಕ್ಕವಳಿದ್ದಾಗ ಸುಳ್ಳು ಹೇಳಿದರೆ ಹೀಗೇ ದನಿ ಒಡೆಯುತ್ತಿತ್ತು, ಅದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ಜನ ಎರಡು ಸಲ ನೋಡಿದ್ದು, ಬೇಕಾದರೆ ಡಾಕ್ಟರಮ್ಮನನ್ನು ಕೇಳು ಎನ್ನಲು ಹೊರಟಳು. ಎರಡು ಸಲ ಯಾಕೆ ನೋಡಿದರು ಎಂದು ಅಮ್ಮ ಕೇಳಿದರೆ? ಮಾತು ನುಂಗಿಕೊಂಡಳು. ಅಮ್ಮ ಆ ನುಂಗಿಕೊಂಡದ್ದನ್ನೂ ನೋಡಿದಳು.

“ಹೋಗ್ಲಿ ಬಿಡು,” ಎಂದಳು ಅಮ್ಮ. ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. “ಮಾಡಿದ್ರೂ ಮಗೂಗೋಸ್ಕರ ಮಾಡಿದೀಯ. ನಾನಾದ್ರೆ ಇಲ್ಲೇ ಇರ್ತೀನಿ, ನಂಗೇನು. ಇವ್ರಿಗೆಲ್ಲಾ ನಾನು ಏನೂ ಹೇಳಲ್ಲ.” ಹೇಳುತ್ತಾ ಪಕ್ಕದ ಕಿಟಕಿಯ ಹೊಸ ಸೀರೆಯವಳ ಕಡೆ ಒಮ್ಮೆ ನೋಡಿದಳು.

ಜೋಯಿಸಕ್ಕ ಅಂಗೈಯನ್ನು ಗಾಜಿನ ಮೇಲೆ ಒತ್ತಿದಳು. ಅಮ್ಮಾ, ಕೇಳು, ಇದು ನಾನು ಮಾಡಿದ್ದಲ್ಲ ಎಂದಳು. ಮಾಡದ ತಪ್ಪಿಗೆ ಅಮ್ಮ ಕ್ಷಮಿಸಿಬಿಟ್ಟಿದ್ದಳು. ಮಾಡಿದ ತಪ್ಪನ್ನು ಹೇಳಿ ಕ್ಷಮೆ ಕೇಳುವ ಹಾಗಿರಲಿಲ್ಲ. ಆದರೆ ಅಮ್ಮ ಆಗಲೇ ಫೋನು ಇಟ್ಟಾಗಿತ್ತು, ಗಾಜಿನಾಚೆ ಏನೂ ಕೇಳಿಸುವುದಿಲ್ಲ. ವಾಕರ್ ಹಿಡಿದು ಎದ್ದು, ಪಕ್ಕದವಳ ಹೆಗಲನ್ನು ಒಮ್ಮೆ ಮುಟ್ಟಿ, ಒಳಗಿನ ಉದ್ದದ ಓಣಿಯ ಕಡೆ ತಿರುಗಿದಳು.

“ದೊಡ್ಡಮ್ಮ, ನನ್ನ ಸರದಿ ಬರ್ಲೇ ಇಲ್ಲ,” ಎಂದಿತು ಪಿಟೀಲು. ಗಾಜಿಗೆ ಎರಡೂ ಮುಷ್ಟಿಯಿಂದ ಗುದ್ದಿತು. ಅಜ್ಜಿ ತಿರುಗಿ ನೋಡಲಿಲ್ಲ. ಸೊಂಟ ಮುರಿದವರು ಬೇಗ ಬೇಗ ನಡೆಯಲಾರರು, ಓಣಿ ಉದ್ದವಿತ್ತು. ಅವಳು ಕೊನೆ ಮುಟ್ಟುವವರೆಗೂ ಇಬ್ಬರೂ ಅಲ್ಲೇ ನಿಂತು ನೋಡಿದರು.